ಸುಧಾರಣೆ: ನಷ್ಟ ಇಂದು, ಲಾಭ ಯಾವತ್ತೋ

ಅಭಿವೃದ್ಧಿಶೀಲ ದೇಶಗಳಲ್ಲಿ ಆರ್ಥಿಕ, ರಾಜಕೀಯ ಸುಧಾರಣೆಗಳು ಕೆಲವೆಡೆ ಬೇರೂರುತ್ತವೆ, ಕೆಲವೆಡೆ ವಾರದೊಳಗೆ ಬಿದ್ದುಹೋಗುತ್ತವೆ. ಏಕೆ? ಈ ಕುರಿತು ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ.

ಪ್ರಶ್ನೆ: ಮೂಗಿನ ಮಟ್ಟ ಮುಳುಗಿದ ಮೇಲೆಯೇ ಸರ್ಕಾರಗಳು ಸುಧಾರಣೆಗೆ ಕೈಹಾಕುವುದೇಕೆ? ಒಳ್ಳೆಯ ದಿನಗಳಲ್ಲಿ ಅದೇ ಕೆಲಸ ಸುಲಭವಲ್ಲವೇ?

ಉತ್ತರ: ಹಣದ ಲೆಕ್ಕದಲ್ಲಿ ಸುಲಭ, ರಾಜಕೀಯದ ಲೆಕ್ಕದಲ್ಲಿ ಅಲ್ಲ. ಆಮದು ಸುಂಕ ಇಳಿಸಿದರೆ ನಷ್ಟವಾಗುವುದು ಬೆರಳೆಣಿಕೆಯ ಉದ್ಯಮಿಗಳಿಗೆ. ಎಷ್ಟು ನಷ್ಟವೆಂಬುದು ಆದೇಶ ಹೊರಬಿದ್ದ ದಿನವೇ ಅವರಿಗೆ ಗೊತ್ತು. ಅವರಿಗೆ ಸಂಘವಿದೆ, ವಕೀಲರಿದ್ದಾರೆ, ಮಂತ್ರಿಯ ಮನೆಯ ದಾರಿಯೂ ತಿಳಿದಿದೆ. ಲಾಭವೋ ಕೋಟ್ಯಂತರ ಗ್ರಾಹಕರಿಗೆ ಚೂರುಚೂರಾಗಿ ಹಂಚಿಹೋಗುತ್ತದೆ, ಅದೂ ಎರಡು ಮೂರು ವರ್ಷ ಕಳೆದ ಮೇಲೆ. ಸರಕು ಅಗ್ಗವಾಯಿತೆಂದು ಯಾರೂ ಮೆರವಣಿಗೆ ಹೊರಡುವುದಿಲ್ಲ. ಮುಂದೆ ತೆರೆಯಲಿರುವ ಕಾರ್ಖಾನೆಯಲ್ಲಿ ಕೆಲಸ ಸಿಗಬೇಕಾದವನಿಗಂತೂ ತಾನು ಫಲಾನುಭವಿ ಎಂಬುದೇ ಇನ್ನೂ ಗೊತ್ತಿರುವುದಿಲ್ಲ. ಖಜಾನೆ ತುಂಬಿರುವಷ್ಟು ದಿನ ಹಳೆಯ ಸವಲತ್ತನ್ನು ಮುಂದುವರಿಸುವುದೇ ಮಂತ್ರಿಗೆ ನೆಮ್ಮದಿ. ಅದು ಬರಿದಾದಾಗ ಮಾತ್ರ ಆ ದಾರಿ ಮುಚ್ಚುತ್ತದೆ.

ಭಾರತದಲ್ಲಿ 1991ರ ಜೂನ್ ಹೊತ್ತಿಗೆ ವಿದೇಶಿ ವಿನಿಮಯ ಮೀಸಲು ಸುಮಾರು 100 ಕೋಟಿ ಡಾಲರಿಗೆ ಇಳಿದಿತ್ತು; ಎರಡು ಮೂರು ವಾರದ ಆಮದಿಗೆ ಸಾಕಾಗುವಷ್ಟು. ಕೊಲ್ಲಿ ಯುದ್ಧ ತೈಲದ ಬಿಲ್ ಏರಿಸಿತ್ತು, ಅನಿವಾಸಿ ಭಾರತೀಯರು ಠೇವಣಿ ಹಿಂಪಡೆಯುತ್ತಿದ್ದರು. ಜೂನ್ 21ರಂದು ಪಿ.ವಿ. ನರಸಿಂಹರಾವ್ ಸರ್ಕಾರ ಬಂತು. ಜುಲೈ 1 ಮತ್ತು 3ರಂದು ಎರಡು ಕಂತಿನಲ್ಲಿ ರೂಪಾಯಿ ಅಪಮೌಲ್ಯವಾಯಿತು, ಜುಲೈನಲ್ಲೇ ಸುಮಾರು 47 ಟನ್ ಚಿನ್ನವನ್ನು ಅಡವಿಟ್ಟರು. ಜುಲೈ 24ರಂದು ಹೊಸ ಕೈಗಾರಿಕಾ ನೀತಿ ಮತ್ತು ಮನಮೋಹನ್ ಸಿಂಗ್ ಅವರ ಬಜೆಟ್ ಒಂದೇ ದಿನ ಬಂದವು. 18 ಉದ್ಯಮಗಳನ್ನು ಬಿಟ್ಟು ಉಳಿದೆಲ್ಲದಕ್ಕೆ ಲೈಸೆನ್ಸ್ ರದ್ದಾಯಿತು. ಅಧಿಕಾರಕ್ಕೆ ಬಂದು 33 ದಿನಗಳಲ್ಲಿ ಇಷ್ಟೆಲ್ಲ.

ಈ ವೇಗದ ಶ್ರೇಯಸ್ಸನ್ನು ಬಿಕ್ಕಟ್ಟಿಗೆ ಕೊಡುವುದು ವಾಡಿಕೆ. ನನ್ನ ಪ್ರಕಾರ ದೊಡ್ಡ ಪಾಲು ಸಲ್ಲಬೇಕಾದ್ದು ಕಪಾಟಿನಲ್ಲಿ ಸಿದ್ಧವಿದ್ದ ಕಡತಕ್ಕೆ. ಅರ್ಥಶಾಸ್ತ್ರಜ್ಞ ಮಾಂಟೆಕ್ ಸಿಂಗ್ ಅಹ್ಲುವಾಲಿಯಾ 1990ರಲ್ಲಿ, ವಿ.ಪಿ. ಸಿಂಗ್ ಸರ್ಕಾರವಿದ್ದಾಗಲೇ, ಸುಧಾರಣೆಯ ಟಿಪ್ಪಣಿಯೊಂದನ್ನು ಬರೆದಿಟ್ಟಿದ್ದರು. ಕಡತವಿಲ್ಲದ ಬಿಕ್ಕಟ್ಟು ಹೇಗಿರುತ್ತದೆ ಎಂಬುದಕ್ಕೆ ಶ್ರೀಲಂಕಾ ನೋಡಿ. 2019ರ ಕೊನೆಗೆ ವ್ಯಾಟ್ (ಮೌಲ್ಯವರ್ಧಿತ ತೆರಿಗೆ) ಅನ್ನು ಶೇ 15ರಿಂದ ಶೇ 8ಕ್ಕೆ ಇಳಿಸಿದರು. ಡಾಲರ್ ಬತ್ತುತ್ತಾ ಬಂದಾಗ, 2021ರಲ್ಲಿ, ರಾಸಾಯನಿಕ ಗೊಬ್ಬರದ ಆಮದನ್ನು ಒಂದೇ ಏಟಿಗೆ ನಿಷೇಧಿಸಿದರು. ಪರ್ಯಾಯ ಗೊಬ್ಬರವೂ ಇರಲಿಲ್ಲ, ರೈತರಿಗೆ ತರಬೇತಿಯೂ ಆಗಿರಲಿಲ್ಲ. ಭತ್ತ, ಚಹಾ ಇಳುವರಿ ಕುಸಿಯಿತು, ಅದೇ ವರ್ಷದ ಕೊನೆಗೆ ನಿಷೇಧ ಸಡಿಲವಾಯಿತು. 2022ರ ಏಪ್ರಿಲ್‌ನಲ್ಲಿ ದೇಶ ವಿದೇಶಿ ಸಾಲದ ಮರುಪಾವತಿ ನಿಲ್ಲಿಸಿತು.

ಪ್ರಶ್ನೆ: ಇಂಧನ ಸಬ್ಸಿಡಿಯ ಹೆಚ್ಚಿನ ಪಾಲು ಉಳ್ಳವರಿಗೆ ಹೋಗುತ್ತದೆ ಎನ್ನುತ್ತಾರೆ. ಹಾಗಿದ್ದರೆ ಅದನ್ನು ತೆಗೆದಾಗ ಬೀದಿಗಿಳಿಯುವವರು ಬಡವರೇ ಏಕೆ? ತೆಗೆಯಲು ಸರಿಯಾದ ಕ್ರಮವೇನಾದರೂ ಇದೆಯೇ?

ಉತ್ತರ: ಎರಡೂ ನಿಜ. ಕಾರಿನವನು ಹೆಚ್ಚು ಲೀಟರ್ ಸುಡುತ್ತಾನೆ, ಆದ್ದರಿಂದ ಸಬ್ಸಿಡಿಯಲ್ಲಿ ಅವನ ಪಾಲು ದೊಡ್ಡದು. ಆದರೆ ಬಸ್ ಚಾರ್ಜು, ಸೀಮೆಎಣ್ಣೆ, ಲಾರಿ ಬಾಡಿಗೆ ಸೇರಿದ ಕಾಳುಕಡ್ಡಿ ಬೆಲೆ, ಇವೆಲ್ಲ ಬಡವನ ಸಂಪಾದನೆಯ ದೊಡ್ಡ ಭಾಗವನ್ನು ನುಂಗುತ್ತವೆ. ಇನ್ನೊಂದು ಕಾರಣ ಅಂಕಿಅಂಶದಲ್ಲಿ ಕಾಣುವುದಿಲ್ಲ. ರಸ್ತೆ, ಆಸ್ಪತ್ರೆ, ಕರೆಂಟು ಯಾವುದನ್ನೂ ನೆಟ್ಟಗೆ ಕೊಡದ ಸರ್ಕಾರದಿಂದ ಪ್ರಜೆಗೆ ಸಿಗುವ ಒಂದೇ ಒಂದು ವಸ್ತು ಅಗ್ಗದ ಪೆಟ್ರೋಲ್ ಆಗಿರುತ್ತದೆ. ಅದನ್ನೂ ಕಿತ್ತುಕೊಂಡು "ಉಳಿದ ದುಡ್ಡಲ್ಲಿ ಶಾಲೆ ಕಟ್ಟುತ್ತೇವೆ" ಎಂದರೆ ನಂಬುವವರು ಯಾರು?

ನೈಜೀರಿಯಾ 2012ರ ಜನವರಿ 1ರಂದು ಪೆಟ್ರೋಲ್ ಬೆಲೆಯನ್ನು 65 ನೈರಾದಿಂದ ಸುಮಾರು 141ಕ್ಕೆ ಹಾರಿಸಿತು. ಹಬ್ಬಕ್ಕೆಂದು ಊರಿಗೆ ಹೋದವರು ವಾಪಸು ಬರಲು ದುಪ್ಪಟ್ಟು ಚಾರ್ಜು ಕೊಡಬೇಕಾಯಿತು. ಮುಷ್ಕರ ದೇಶವನ್ನೇ ಸ್ತಬ್ಧಗೊಳಿಸಿತು, ಜನವರಿ 16ಕ್ಕೆ ಬೆಲೆ 97 ನೈರಾಕ್ಕೆ ಇಳಿಯಿತು. ಆಮೇಲೆ ಸಂಸತ್ತಿನ ಸಮಿತಿ ತನಿಖೆ ಮಾಡಿದಾಗ, ಬಳಕೆಯಾಗದ ಪೆಟ್ರೋಲಿಗೂ ಸಬ್ಸಿಡಿ ಪಾವತಿಯಾಗಿದ್ದು ಹೊರಬಂತು. ಆ ತನಿಖೆ ಮೊದಲು ಆಗಿ, ಬೆಲೆ ಏರಿಕೆ ಆಮೇಲೆ ಬಂದಿದ್ದರೆ ಕಥೆಯೇ ಬೇರೆಯಿರುತ್ತಿತ್ತು. ಬೊಲಿವಿಯಾದಲ್ಲಿ ಇನ್ನೂ ಬೇಗ ಮುಗಿಯಿತು: 2010ರ ಡಿಸೆಂಬರ್ 26ರಂದು ಶೇ 83ರವರೆಗೂ ಏರಿಕೆ, ಡಿಸೆಂಬರ್ 31ರಂದು ಆದೇಶ ವಾಪಸು.

ಅದೇ ತಿಂಗಳು ಇರಾನ್ ಪೆಟ್ರೋಲ್ ಬೆಲೆಯನ್ನು ನಾಲ್ಕು ಪಟ್ಟು ಏರಿಸಿಯೂ ದೊಡ್ಡ ಗಲಭೆಯಾಗಲಿಲ್ಲ. ಗುಟ್ಟು ಕ್ರಮದಲ್ಲಿತ್ತು. ಮೊದಲು ಮನೆಮನೆಗೂ ಬ್ಯಾಂಕ್ ಖಾತೆ ಮಾಡಿಸಿದರು. ಬೆಲೆ ಏರುವುದಕ್ಕೆ ವಾರಗಳ ಮುನ್ನವೇ ಖಾತೆಗೆ ಹಣ ಹಾಕಿದರು. ಹಣ ಕಾಣುತ್ತಿತ್ತು, ತೆಗೆಯಲು ಬರುತ್ತಿರಲಿಲ್ಲ. ಡಿಸೆಂಬರ್ 19ರಂದು ಬೆಲೆ ಏರಿದ ಗಳಿಗೆಯಲ್ಲೇ ಖಾತೆಯ ಬೀಗ ತೆರೆದರು. ತಲೆಗೆ ತಿಂಗಳಿಗೆ ಸುಮಾರು 45 ಸಾವಿರ ತೊಮಾನ್, ಆಗಿನ ದರದಲ್ಲಿ 40 ಡಾಲರಿಗೂ ಹೆಚ್ಚು. ಕೆಟ್ಟದ್ದು ಮುಂದಿನ ಹಂತದಲ್ಲಿ: ಆ ಮೊತ್ತವನ್ನು ಹಣದುಬ್ಬರಕ್ಕೆ ಜೋಡಿಸಲಿಲ್ಲ. ದಿಗ್ಬಂಧನ ಬಿಗಿಯಾಗಿ ಬೆಲೆಗಳು ಏರಿದಂತೆ ಅದರ ಬೆಲೆ ಕರಗುತ್ತಾ ಹೋಯಿತು. 2019ರ ನವೆಂಬರ್‌ನಲ್ಲಿ ಮುನ್ಸೂಚನೆಯಿಲ್ಲದೆ ರಾತ್ರೋರಾತ್ರಿ ಮತ್ತೆ ಏರಿಸಿದಾಗ ದೇಶ ಹೊತ್ತಿ ಉರಿಯಿತು.

ಇಂಡೊನೇಷ್ಯಾ 2005ರ ಅಕ್ಟೋಬರ್‌ನಲ್ಲಿ ಪೆಟ್ರೋಲನ್ನು 2,400 ರುಪಿಯಾದಿಂದ 4,500ಕ್ಕೂ, ಸೀಮೆಎಣ್ಣೆಯನ್ನು 700ರಿಂದ 2,000ಕ್ಕೂ ಏರಿಸಿತು. ಒಂದೂವರೆ ಕೋಟಿಗೂ ಹೆಚ್ಚು ಬಡ ಕುಟುಂಬಗಳಿಗೆ ತಿಂಗಳಿಗೆ ಒಂದು ಲಕ್ಷ ರುಪಿಯಾದಂತೆ ಮೂರು ತಿಂಗಳ ಹಣವನ್ನು ಒಟ್ಟಿಗೆ ಅಂಚೆ ಕಚೇರಿಯಲ್ಲಿ ಕೊಟ್ಟರು. ಫಲಾನುಭವಿಗಳ ಪಟ್ಟಿಯನ್ನು ಅವಸರದಲ್ಲಿ ಮಾಡಿದ್ದರಿಂದ ಹೆಸರು ಬಿಟ್ಟುಹೋದವರು ಊರಿನ ಮುಖ್ಯಸ್ಥರ ಮೇಲೆ ಮುಗಿಬಿದ್ದರು. ಎಷ್ಟೋ ಹಳ್ಳಿಗಳು ಪಟ್ಟಿಯನ್ನೇ ಪಕ್ಕಕ್ಕಿಟ್ಟು ಹಣವನ್ನು ಸಮನಾಗಿ ಹಂಚಿಕೊಂಡವು. ಪಟ್ಟಿ ಮಾಡಿದವರಿಗಿಂತ ಹಳ್ಳಿಗೆ ಹೆಚ್ಚು ಬುದ್ಧಿಯಿತ್ತು ಎನ್ನಬೇಕು. ಸೀಮೆಎಣ್ಣೆಗೆ ನಿಜವಾದ ಪರಿಹಾರ 2007ರಲ್ಲಿ ಶುರುವಾಯಿತು: 3 ಕಿಲೋ ಗ್ಯಾಸ್ ಸಿಲಿಂಡರ್ ಮತ್ತು ಒಲೆಯನ್ನು ಉಚಿತವಾಗಿ ಕೊಟ್ಟು, ಅದು ತಲುಪಿದ ಜಿಲ್ಲೆಯಲ್ಲಿ ಮಾತ್ರ ಸೀಮೆಎಣ್ಣೆಯನ್ನು ಹಿಂತೆಗೆದರು.

ಹೀಗಾಗಿ ಕ್ರಮ ಇದು. ಪಾವತಿಯ ವ್ಯವಸ್ಥೆ ಮೊದಲು, ಅದರ ಪರೀಕ್ಷೆಗೆ ಕನಿಷ್ಠ ಒಂದು ಕಂತು ಬೆಲೆ ಏರಿಕೆಗೆ ಮುಂಚೆಯೇ. ಸಬ್ಸಿಡಿಯ ಸೋರಿಕೆ ತಡೆದು, ಅದನ್ನು ಜನರಿಗೆ ತೋರಿಸುವುದು ಎರಡನೆಯದು. ಕಾರಿನ ಪೆಟ್ರೋಲ್ ಮೊದಲು, ಅಡುಗೆಯ ಇಂಧನ ಕೊನೆಗೆ. ಪಟ್ಟಿ ನಂಬಲರ್ಹವಲ್ಲದಿದ್ದರೆ ಎಲ್ಲರಿಗೂ ಕೊಡುವುದೇ ಕಡಿಮೆ ಖರ್ಚಿನದು. ಕಚ್ಚಾ ತೈಲ ಅಗ್ಗವಿರುವಾಗ ಮಾಡಿದರೆ ನೋವು ಕಡಿಮೆ. 2015ರ ಜನವರಿಯಲ್ಲಿ ಇಂಡೊನೇಷ್ಯಾದ ಜೋಕೊ ವಿಡೊಡೊ ಸರ್ಕಾರ ಪೆಟ್ರೋಲ್ ಸಬ್ಸಿಡಿ ತೆಗೆದದ್ದು ಹಾಗೆ. ಆದರೆ ತೈಲ ಮತ್ತೆ ಏರಿದಾಗಲೂ ಮಾರುಕಟ್ಟೆಯಂತೆ ಬೆಲೆ ಬದಲಿಸುವ ಸೂತ್ರಕ್ಕೆ ಅಂಟಿಕೊಳ್ಳಬೇಕಲ್ಲ. ಚುನಾವಣೆ ಹತ್ತಿರವಾದಾಗ ಆ ಸರ್ಕಾರ ಬೆಲೆ ಏರಿಸದೆ, ನಷ್ಟವನ್ನು ಸರ್ಕಾರಿ ತೈಲ ಕಂಪನಿ ಪರ್ಟಮಿನಾ ತಲೆಗೆ ಕಟ್ಟಿತು. ಬಜೆಟ್‌ನಲ್ಲಿ ಕಾಣದ ಸಬ್ಸಿಡಿಯೂ ಸಬ್ಸಿಡಿಯೇ.

ಪ್ರಶ್ನೆ: ಒಂದೇ ಏಟಿಗೆ ಮಾಡಬೇಕೇ, ಹಂತ ಹಂತವಾಗಿಯೇ? ಚೀನಾ, ವಿಯೆಟ್ನಾಂ ನಿಧಾನವಾಗಿ ಮಾಡಿ ಗೆದ್ದವು ಎಂದು ಓದಿದ್ದೇನೆ.

ಉತ್ತರ: ಯಾವ ರೋಗ ಎಂಬುದರ ಮೇಲೆ ಇದೆ. ಮಿತಿಮೀರಿದ ಹಣದುಬ್ಬರವನ್ನು ಹಂತ ಹಂತವಾಗಿ ಇಳಿಸಿದವರು ಕಡಿಮೆ. ಆದರೆ ಕೋರ್ಟು, ಬ್ಯಾಂಕು, ತೆರಿಗೆ ಇಲಾಖೆಗಳನ್ನು ಒಂದೇ ಏಟಿಗೆ ಕಟ್ಟಿದವರು ಯಾರೂ ಇಲ್ಲ.

ವಿಯೆಟ್ನಾಂ ನೀವು ಓದಿದಷ್ಟು ನಿಧಾನವಲ್ಲ. 1986ರ ಡಿಸೆಂಬರ್‌ನಲ್ಲಿ ಕಮ್ಯುನಿಸ್ಟ್ ಪಕ್ಷದ ಆರನೇ ಮಹಾಧಿವೇಶನ 'ದೊಯ್ ಮೊಯ್' (ನವೀಕರಣ) ಘೋಷಿಸಿದಾಗ ಹಣದುಬ್ಬರ ಶೇ 700 ದಾಟಿತ್ತು. 1988ರ ಏಪ್ರಿಲ್‌ನ 10ನೇ ನಿರ್ಣಯ ಜಮೀನಿನ ಸಾಗುವಳಿಯನ್ನು ಸಹಕಾರಿ ಸಂಘದಿಂದ ಕುಟುಂಬಕ್ಕೆ ವರ್ಗಾಯಿಸಿತು. 1989ರಲ್ಲಿ ಹೆಚ್ಚಿನ ಬೆಲೆಗಳನ್ನು ಒಟ್ಟಿಗೆ ಮುಕ್ತಗೊಳಿಸಿದರು, ಬಡ್ಡಿದರವನ್ನು ಹಣದುಬ್ಬರಕ್ಕಿಂತ ಮೇಲಕ್ಕೆ ಒಯ್ದರು. ಅಕ್ಕಿಗೆ ಪರದಾಡುತ್ತಿದ್ದ ದೇಶ ಅದೇ ವರ್ಷ ಸುಮಾರು 14 ಲಕ್ಷ ಟನ್ ಅಕ್ಕಿ ರಫ್ತು ಮಾಡಿತು. ಸೋವಿಯತ್ ನೆರವು ಬತ್ತುತ್ತಿತ್ತು, ಕಾಯುವ ಐಷಾರಾಮ ಅವರಿಗಿರಲಿಲ್ಲ. ನಿಧಾನವಾದದ್ದು ಸರ್ಕಾರಿ ಉದ್ಯಮ, ಕಂಪನಿ ಕಾನೂನು, ಭೂಮಿಯ ಹಕ್ಕಿನ ವಿಷಯದಲ್ಲಿ.

ಚೀನಾದ ಜಾಣತನ ಎರಡು ಬೆಲೆಯ ಪದ್ಧತಿಯಲ್ಲಿತ್ತು. ಕಾರ್ಖಾನೆ ತನ್ನ ಕೋಟಾದಷ್ಟು ಉಕ್ಕನ್ನು ಸರ್ಕಾರ ನಿಗದಿ ಮಾಡಿದ ಯೋಜನಾ ಬೆಲೆಗೆ ಕೊಡಬೇಕು, ಮಿಕ್ಕಿದ್ದನ್ನು ಮಾರುಕಟ್ಟೆ ಬೆಲೆಗೆ ಮಾರಬಹುದು. ಹಳಬರ ಪಾಲು ಹಾಗೇ ಉಳಿದದ್ದರಿಂದ ವಿರೋಧಿಸಲು ಕಾರಣವೇ ಇರಲಿಲ್ಲ. ಕೋಟಾ ಅಲ್ಲಿಗೇ ನಿಂತಿತು, ಉತ್ಪಾದನೆ ಬೆಳೆಯಿತು, ವರ್ಷಗಳು ಕಳೆದಂತೆ ಯೋಜನೆಯ ಪಾಲು ತಾನಾಗಿ ಸಣ್ಣದಾಯಿತು. ದೋಷವೂ ಅದರೊಳಗೇ ಇತ್ತು: ಕೋಟಾ ಬೆಲೆಗೆ ಪಡೆದು ಮಾರುಕಟ್ಟೆಗೆ ದಾಟಿಸಬಲ್ಲ ಅಧಿಕಾರಿ ರಾತ್ರಿ ಬೆಳಗಾಗುವುದರಲ್ಲಿ ಶ್ರೀಮಂತನಾದ. 1989ರ ಜನಾಕ್ರೋಶದಲ್ಲಿ ಈ ಲೂಟಿಯ ಮೇಲಿನ ಸಿಟ್ಟಿಗೂ ಪಾಲಿದೆ.

ಬ್ರೆಜಿಲ್ 1986ರಿಂದ 1991ರವರೆಗೆ ಐದು ಯೋಜನೆಗಳಲ್ಲಿ ಬೆಲೆ ಸ್ತಂಭನ ಮಾಡಿ ಸೋತಿತು. ಕೊರತೆ ಬಜೆಟ್ ಹಾಗೇ ಇತ್ತು, ಅಂಗಡಿಗಳು ಖಾಲಿಯಾದವು, ಮುಂದಿನ ಸ್ತಂಭನವನ್ನು ಊಹಿಸಿ ವ್ಯಾಪಾರಿಗಳು ಮೊದಲೇ ಬೆಲೆ ಏರಿಸತೊಡಗಿದರು. 1994ರಲ್ಲಿ ಫೆರ್ನಾಂಡೊ ಹೆನ್ರಿಕ್ ಕಾರ್ಡೊಸೊ ಹಣಕಾಸು ಸಚಿವರಾಗಿದ್ದಾಗ ರೂಪುಗೊಂಡ ಯೋಜನೆ ಏನನ್ನೂ ಸ್ತಂಭನಗೊಳಿಸಲಿಲ್ಲ. ಮಾರ್ಚ್ 1ರಿಂದ ಯುಆರ್‌ವಿ ಎಂಬ ಲೆಕ್ಕದ ಘಟಕ ಬಂತು. ನೋಟು ಹಳೆಯದೇ, ಆದರೆ ಸಂಬಳ, ಬಾಡಿಗೆ, ಒಪ್ಪಂದಗಳನ್ನು ಯುಆರ್‌ವಿಯಲ್ಲಿ ಬರೆಯಬೇಕು. ಅದರ ನೋಟಿನ ಬೆಲೆಯನ್ನು ಕೇಂದ್ರ ಬ್ಯಾಂಕ್ ದಿನವೂ ಪ್ರಕಟಿಸುತ್ತಿತ್ತು. ನಾಲ್ಕು ತಿಂಗಳಲ್ಲಿ ಜನ ಸ್ಥಿರ ಬೆಲೆಗಳಲ್ಲಿ ಯೋಚಿಸುವುದನ್ನು ಕಲಿತರು. ಜುಲೈ 1ರಂದು ಒಂದು ಯುಆರ್‌ವಿ ಒಂದು ರಿಯಾಲ್ ಆಯಿತು, 2,750 ಹಳೆಯ ಕ್ರುಝೇರೊ ರಿಯಾಲ್‌ಗಳಿಗೆ ಸಮ. ತಿಂಗಳಿಗೆ ಶೇ 40ಕ್ಕೂ ಮೇಲಿದ್ದ ಹಣದುಬ್ಬರ ಕೆಲವೇ ತಿಂಗಳಲ್ಲಿ ಒಂದಂಕಿಗೆ ಇಳಿಯಿತು. ನೋಡಿದ ಸುಧಾರಣೆಗಳಲ್ಲಿ ಇಷ್ಟು ಚೊಕ್ಕವಾದ ಎಂಜಿನಿಯರಿಂಗ್ ಇನ್ನೊಂದಿಲ್ಲ.

ಏಟಿನ ಬೆಲೆ ಏನು ಎಂಬುದಕ್ಕೆ ಬೊಲಿವಿಯಾ. 1985ರ ಆಗಸ್ಟ್‌ನ 21060ನೇ ಆದೇಶ ವರ್ಷಕ್ಕೆ ಸಾವಿರಗಟ್ಟಲೆ ಪ್ರತಿಶತದ ಹಣದುಬ್ಬರವನ್ನು ವಾರಗಳಲ್ಲಿ ನಿಲ್ಲಿಸಿತು. ಸಹಿ ಹಾಕಿದವರು ವಿಕ್ಟರ್ ಪಾಸ್ ಎಸ್ಟೆನ್ಸೊರೊ. 1952ರಲ್ಲಿ ತವರದ ಗಣಿಗಳನ್ನು ರಾಷ್ಟ್ರೀಕರಿಸಿದವರೂ ಅವರೇ. ಸರ್ಕಾರಿ ಗಣಿ ಕಂಪನಿಯ 20 ಸಾವಿರಕ್ಕೂ ಹೆಚ್ಚು ಕಾರ್ಮಿಕರು ಕೆಲಸ ಕಳೆದುಕೊಂಡರು. ಅನೇಕರು ಚಪಾರೆ ಪ್ರದೇಶಕ್ಕೆ ಹೋಗಿ ಕೋಕಾ ಬೆಳೆಯತೊಡಗಿದರು, ಗಣಿಯ ಸಂಘಟನಾ ಪಾಠವನ್ನೂ ಜೊತೆಗೆ ಒಯ್ದರು. ಆ ಬೆಳೆಗಾರರ ಸಂಘದಿಂದ ಬೆಳೆದ ಈವೊ ಮೊರಾಲೆಸ್ 2006ರಲ್ಲಿ ಅಧ್ಯಕ್ಷರಾದರು. ನಷ್ಟ ಹೊತ್ತವರು ಸುಮ್ಮನೆ ಕರಗಿಹೋಗುವುದಿಲ್ಲ, ಇಪ್ಪತ್ತು ವರ್ಷ ಬಿಟ್ಟಾದರೂ ಮತಪೆಟ್ಟಿಗೆಗೆ ಬರುತ್ತಾರೆ. ಮೇಲೆ ಹೇಳಿದ 2010ರ ಬೆಲೆ ಏರಿಕೆಯನ್ನು ಐದು ದಿನದಲ್ಲಿ ಹಿಂತೆಗೆದವರು ಇದೇ ಮೊರಾಲೆಸ್.

ಪ್ರಶ್ನೆ: ಇಂಥ ಕಹಿ ಔಷಧ ಕುಡಿಸಲು ಸರ್ವಾಧಿಕಾರಿಯೇ ಬೇಕು ಅಲ್ಲವೇ?

ಉತ್ತರ: ಅಲ್ಲ. ಕಹಿ ಔಷಧ ಕುಡಿಸಿದ ನರಸಿಂಹರಾವ್ ಅವರದ್ದು ಬಹುಮತವಿಲ್ಲದ ಸರ್ಕಾರ. ಇಂಡೊನೇಷ್ಯಾವನ್ನು 32 ವರ್ಷ ಆಳಿದ ಸುಹಾರ್ತೊ 1998ರ ಮೇ 4ರಂದು ಇಂಧನ ಬೆಲೆ ಏರಿಸಿ ಮೇ 21ರಂದು ರಾಜೀನಾಮೆ ಕೊಟ್ಟರು. ಬರ್ಮಾದ ನೆ ವಿನ್ 1987ರಲ್ಲಿ 25, 35, 75 ಕ್ಯಾಟ್ ನೋಟುಗಳನ್ನು ಪರಿಹಾರವಿಲ್ಲದೆ ರದ್ದು ಮಾಡಿದರು. ಮರುವರ್ಷ ದೇಶ ದಂಗೆ ಎದ್ದಿತು. ಸರ್ವಾಧಿಕಾರಿ ನಷ್ಟ ಹೊತ್ತವರ ಬಾಯಿ ಮುಚ್ಚಿಸಬಲ್ಲ, ನಿಜ. ಆದರೆ ಅವರ ಗೋಳು ಅವನ ಕಿವಿಗೆ ಬೀಳುವುದೂ ಅಲ್ಲಿಗೆ ನಿಲ್ಲುತ್ತದೆ.

ಪ್ರಶ್ನೆ: ಘಾನಾದಲ್ಲಿ ವ್ಯಾಟ್ ಒಮ್ಮೆ ಸೋತು ಮತ್ತೆ ಗೆದ್ದಿತಂತೆ. ವ್ಯತ್ಯಾಸ ಏನಿತ್ತು?

ಉತ್ತರ: 1995ರ ಮಾರ್ಚ್‌ನಲ್ಲಿ ಶೇ 17.5ರ ದರದಲ್ಲಿ ತಂದರು. ಹಿಂದಿನ ಮಾರಾಟ ತೆರಿಗೆ ಶೇ 15 ಇತ್ತು, ಆದ್ದರಿಂದ ಹೊರೆ ಏರಿದ್ದು ಎಲ್ಲರಿಗೂ ಕಾಣಿಸಿತು. ನೋಂದಣಿಯ ಮಿತಿ ಎಷ್ಟು ಕೆಳಗಿತ್ತೆಂದರೆ ಲೆಕ್ಕದ ಪುಸ್ತಕವೇ ಇಲ್ಲದ ಸಣ್ಣ ವ್ಯಾಪಾರಿಗಳೂ ಬಲೆಗೆ ಬಿದ್ದರು. ತೆರಿಗೆ ಸಿಬ್ಬಂದಿಗೂ ವ್ಯಾಪಾರಿಗೂ ತಯಾರಿ ಸಾಲದು. ಹಿಂದಿನ ಹಂತದಲ್ಲಿ ಕಟ್ಟಿದ ತೆರಿಗೆಯನ್ನು ಕಳೆಯಬೇಕೆಂಬುದು ತಿಳಿಯದ ಅಂಗಡಿಯವರು ಹಳೆಯ ಬೆಲೆಯ ಮೇಲೇ ಪೂರ್ತಿ ಶೇ 17.5 ಸೇರಿಸಿದರು. ಮೇ ತಿಂಗಳಲ್ಲಿ ಅಕ್ರಾದ ಪ್ರತಿಭಟನೆಯಲ್ಲಿ ಜನ ಸತ್ತರು, ತೆರಿಗೆ ರದ್ದಾಯಿತು.

1998ರ ಡಿಸೆಂಬರ್‌ನಲ್ಲಿ ಮತ್ತೆ ಬಂದಾಗ ದರ ಶೇ 10. ನೋಂದಣಿ ಮಿತಿಯನ್ನು ಬಹಳ ಮೇಲೇರಿಸಿದ್ದರು, ಪ್ರಚಾರ ತಿಂಗಳುಗಟ್ಟಲೆ ನಡೆದಿತ್ತು. 2000ದಲ್ಲಿ ಶೇ 2.5 ಸೇರಿಸಿದಾಗ ಅದನ್ನು ಶಿಕ್ಷಣ ನಿಧಿಗೆಂದೇ ಮೀಸಲಿಟ್ಟರು. ವಿತ್ತ ತಜ್ಞರಿಗೆ ಮೀಸಲು ತೆರಿಗೆ ಎಂದರೆ ಮೈಲಿಗೆ. ಸರ್ಕಾರದ ಮೇಲೆ ನಂಬಿಕೆಯಿಲ್ಲದ ಕಡೆ ಹಣ ಎಲ್ಲಿಗೆ ಹೋಯಿತೆಂದು ತೋರಿಸಲು ಬೇರೆ ದಾರಿ ಕಡಿಮೆ ಎಂಬುದು ನನ್ನ ಅಭಿಪ್ರಾಯ. ಕೆನ್ಯಾ 2024ರಲ್ಲಿ ಕಡೆಗಣಿಸಿದ್ದು ಇದನ್ನೇ; ಜೂನ್ 25ರಂದು ಯುವಕರು ಸಂಸತ್ತಿಗೆ ನುಗ್ಗಿದರು, ಮರುದಿನ ಅಧ್ಯಕ್ಷ ರೂಟೊ ತೆರಿಗೆ ಏರಿಸುವ ಹಣಕಾಸು ಮಸೂದೆಗೆ ಸಹಿ ಹಾಕುವುದಿಲ್ಲ ಎಂದರು.

ಪ್ರಶ್ನೆ: ಭಾರತದ 2020ರ ಮೂರು ಕೃಷಿ ಕಾಯ್ದೆಗಳು ಏಕೆ ಉಳಿಯಲಿಲ್ಲ? ಅರ್ಥಶಾಸ್ತ್ರಜ್ಞರಲ್ಲಿ ಹಲವರು ಬೆಂಬಲಿಸಿದ್ದರಲ್ಲ?

ಉತ್ತರ: ತಿರುಳಿನ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ವಿಧಾನದ ಬಗ್ಗೆ ಹೇಳಬಹುದು. ಜೂನ್‌ನಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರ್‌ನಲ್ಲಿ ಸಂಸದೀಯ ಸಮಿತಿಗೆ ಹೋಗದೆ, ರಾಜ್ಯಸಭೆಯಲ್ಲಿ ಧ್ವನಿಮತದಿಂದ ಅಂಗೀಕಾರ. ಕೃಷಿ ಮತ್ತು ಮಾರುಕಟ್ಟೆ ರಾಜ್ಯ ಪಟ್ಟಿಯ ವಿಷಯಗಳಾದರೂ ಕೇಂದ್ರ ಸಮವರ್ತಿ ಪಟ್ಟಿಯ ಆಧಾರದಲ್ಲಿ ಕಾನೂನು ಮಾಡಿತು. ನಷ್ಟದ ಭಯ ಎಲ್ಲ ಕಡೆ ಸಮನಾಗಿರಲಿಲ್ಲ. ಪಂಜಾಬ್, ಹರಿಯಾಣದಲ್ಲಿ ಗೋಧಿ, ಭತ್ತದ ದೊಡ್ಡ ಪಾಲನ್ನು ಸರ್ಕಾರವೇ ಮಂಡಿಗಳ ಮೂಲಕ ಬೆಂಬಲ ಬೆಲೆಗೆ ಕೊಳ್ಳುತ್ತದೆ. ಅಲ್ಲಿ ರೈತನಿಗೆ ಖಾತರಿ ಬೆಲೆ, ದಲ್ಲಾಳಿಗೆ ಕಮಿಷನ್, ರಾಜ್ಯಕ್ಕೆ ಮಂಡಿ ಶುಲ್ಕ. ಮೂವರಿಗೂ ಒಂದೇ ಭಯ. ಮಂಡಿಯ ಹೊರಗಿನ ವ್ಯಾಪಾರಕ್ಕೆ ಶುಲ್ಕವಿಲ್ಲ ಎಂದರೆ ಮಂಡಿ ಸೊರಗುತ್ತದೆ, ಹಿಂದೆಯೇ ಖರೀದಿಯೂ ನಿಲ್ಲುತ್ತದೆ ಎಂಬುದು ಅವರ ವಾದ. ಶುಲ್ಕದ ನಷ್ಟ ತುಂಬಿಕೊಡುವ ಅಂಶ ಕಾಯ್ದೆಯಲ್ಲಿ ಇರಲಿಲ್ಲ. ಜಿಎಸ್‌ಟಿ ತಂದಾಗ ರಾಜ್ಯಗಳಿಗೆ 5 ವರ್ಷ, ವಾರ್ಷಿಕ ಶೇ 14ರ ಬೆಳವಣಿಗೆಯ ಲೆಕ್ಕದಲ್ಲಿ ಪರಿಹಾರವನ್ನು ಕಾನೂನಿನಲ್ಲೇ ಬರೆದಿದ್ದರು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ಕಾಯ್ದೆಗಳು 2021ರ ನವೆಂಬರ್‌ನಲ್ಲಿ ರದ್ದಾದವು.

ಪ್ರಶ್ನೆ: ಭ್ರಷ್ಟಾಚಾರ ನಿಗ್ರಹಕ್ಕೆ ಹೊಸ ಸಂಸ್ಥೆ ಕಟ್ಟುವುದರಿಂದ, ಅಧಿಕಾರ ವಿಕೇಂದ್ರೀಕರಣದಿಂದ ಉಪಯೋಗ ಇದೆಯೇ?

ಉತ್ತರ: ಹಣ ಹರಿಯುವ ದಾರಿಯನ್ನು ಬದಲಿಸಿದರೆ ಇದೆ, ಬೋರ್ಡು ಬದಲಿಸಿದರೆ ಇಲ್ಲ. ಉಗಾಂಡದಲ್ಲಿ 1991ರಿಂದ 1995ರ ನಡುವೆ ಪ್ರಾಥಮಿಕ ಶಾಲೆಗಳ ಅನುದಾನದಲ್ಲಿ ಸರಾಸರಿ ಶೇ 13 ಮಾತ್ರ ಶಾಲೆ ತಲುಪುತ್ತಿತ್ತು. ಯಾವ ಜಿಲ್ಲೆಗೆ ಎಷ್ಟು ಬಿಡುಗಡೆಯಾಯಿತೆಂದು ಪತ್ರಿಕೆಗಳಲ್ಲಿ ಪ್ರಕಟಿಸಿ, ಶಾಲೆಯ ಗೋಡೆಯ ಮೇಲೂ ಬರೆಸಿದರು. 2001ಕ್ಕೆ ಅದು ಶೇ 80 ದಾಟಿತು. ಅದೇ ಹೊತ್ತಿಗೆ ಅನುದಾನ ವ್ಯವಸ್ಥೆಯ ಇತರ ಬದಲಾವಣೆಗಳೂ ನಡೆದಿದ್ದವು, ಎಲ್ಲ ಶ್ರೇಯಸ್ಸು ಪತ್ರಿಕೆಯದ್ದಲ್ಲ.

ಜಾರ್ಜಿಯಾ 2003ರ ಕ್ರಾಂತಿಯ ನಂತರ ಸುಮಾರು 16 ಸಾವಿರ ಸಂಚಾರ ಪೊಲೀಸರನ್ನು ಒಮ್ಮೆಲೇ ವಜಾ ಮಾಡಿ, ಕಡಿಮೆ ಸಂಖ್ಯೆಯ ಹೊಸಬರಿಗೆ ಹಲವು ಪಟ್ಟು ಸಂಬಳ ಕೊಟ್ಟಿತು. ರಸ್ತೆಯ ಲಂಚ ನಿಂತಿತು. ಆದರೆ ಜೈಲು, ನ್ಯಾಯಾಲಯಗಳ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು. 2012ರ ಸೆಪ್ಟೆಂಬರ್‌ನಲ್ಲಿ ಜೈಲಿನ ಚಿತ್ರಹಿಂಸೆಯ ವಿಡಿಯೊ ಹೊರಬಿದ್ದು, ಮರುತಿಂಗಳ ಚುನಾವಣೆಯಲ್ಲಿ ಆಳುವ ಪಕ್ಷ ಸೋತಿತು.

ವಿಕೇಂದ್ರೀಕರಣದಲ್ಲಿ ಅನುದಾನದ ಸೂತ್ರವನ್ನು ಮೊದಲು ಓದಿ. ಇಂಡೊನೇಷ್ಯಾ 2001ರ ಜನವರಿಯಲ್ಲಿ ಸುಮಾರು 20 ಲಕ್ಷ ನೌಕರರನ್ನು ಜಿಲ್ಲೆಗಳಿಗೆ ವರ್ಗಾಯಿಸಿತು, ದೇಶೀಯ ಆದಾಯದ ಕನಿಷ್ಠ ಶೇ 25ನ್ನು ಪ್ರಾಂತ್ಯ, ಜಿಲ್ಲೆಗಳಿಗೆ ಅನುದಾನವಾಗಿ ಕೊಟ್ಟಿತು. ಹೊಸ ಜಿಲ್ಲೆಯಾದರೆ ಹೊಸ ಅನುದಾನ, ಹೊಸ ಹುದ್ದೆ, ಹೊಸ ಕಚೇರಿ. ಸುಮಾರು 300 ಇದ್ದ ಜಿಲ್ಲೆಗಳು 500 ದಾಟಿದವು. ಸೂತ್ರದಲ್ಲಿ ನೌಕರರ ಸಂಬಳವೂ ಸೇರಿದ್ದರಿಂದ ಸಿಬ್ಬಂದಿ ಕಡಿಮೆ ಮಾಡಿದ ಜಿಲ್ಲೆಗೆ ಅನುದಾನವೂ ಕಡಿಮೆ ಬರುತ್ತಿತ್ತು, ಆದ್ದರಿಂದ ಯಾರೂ ಕಡಿಮೆ ಮಾಡಲಿಲ್ಲ.

ಪ್ರಶ್ನೆ: ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಸಾಲ ಮಂಜೂರಾಯಿತು ಎಂಬ ಸುದ್ದಿಯಲ್ಲಿ ಸಾಮಾನ್ಯ ಓದುಗ ಏನನ್ನು ಹುಡುಕಬೇಕು?

ಉತ್ತರ: ಒಟ್ಟು ಮೊತ್ತವನ್ನಲ್ಲ, ಮೊದಲ ಕಂತನ್ನು. ಶ್ರೀಲಂಕಾಕ್ಕೆ 2023ರ ಮಾರ್ಚ್ 20ರಂದು ಮಂಜೂರಾದದ್ದು 48 ತಿಂಗಳಿಗೆ ಸುಮಾರು 300 ಕೋಟಿ ಡಾಲರ್. ಕೈಗೆ ಬಂದದ್ದು ಸುಮಾರು 33 ಕೋಟಿ. ಉಳಿದದ್ದು ಪರಿಶೀಲನೆಗಳ ಮೇಲೆ. ಆಮೇಲೆ 'ಪೂರ್ವಭಾವಿ ಕ್ರಮಗಳು' ಎಂಬ ಪಟ್ಟಿ ನೋಡಿ, ಐಎಂಎಫ್ ಮಂಡಳಿಯ ಸಭೆಗೆ ಮುನ್ನವೇ ಸರ್ಕಾರ ಮಾಡಿ ಮುಗಿಸಬೇಕಾದವು. ಮುಂದಿನ ದಿನಾಂಕದ ಭರವಸೆಗಳು ಸಡಿಲವಾಗುತ್ತವೆ, ಇವು ಆಗುವುದಿಲ್ಲ. ಮೂರನೆಯದಾಗಿ, ತೆರಿಗೆಯಲ್ಲಿ ವ್ಯಾಟ್‌ನ ಪಾಲೆಷ್ಟು, ಆದಾಯ ಮತ್ತು ಆಸ್ತಿ ತೆರಿಗೆಯ ಪಾಲೆಷ್ಟು ಎಂದು ನೋಡಿ. ಶ್ರೀಲಂಕಾದಲ್ಲಿ ವ್ಯಾಟ್ 2022ರಲ್ಲಿ ಎರಡು ಹೆಜ್ಜೆಯಲ್ಲಿ ಶೇ 15ಕ್ಕೆ, 2024ರ ಜನವರಿಯಲ್ಲಿ ಶೇ 18ಕ್ಕೆ ಏರಿತು. ವ್ಯಾಟ್ ವಾರದಲ್ಲಿ ಏರಿಸಬಹುದು. ಆಸ್ತಿ ತೆರಿಗೆಗೆ ಮೊದಲು ಆಸ್ತಿಯ ದಾಖಲೆ, ಮೌಲ್ಯಮಾಪನ, ಮೇಲ್ಮನವಿ ವ್ಯವಸ್ಥೆ ಬೇಕು, ವರ್ಷಗಳೇ ಹಿಡಿಯುತ್ತವೆ. ಅದರ ಕೆಲಸ ಶುರುವಾಗಿದೆಯೇ ಎಂಬುದು ಸುದ್ದಿಯ ಏಳನೇ ಪ್ಯಾರಾದಲ್ಲಿ ಇರುತ್ತದೆ, ಇದ್ದರೆ.